ಎಕ್ಸ್‌ಚೇಂಜ್ ಸರ್ವರ್‌ನಲ್ಲಿ ಇಮೇಲ್ ವಿಳಾಸ ತಾನಾಗಿ ರಚನೆಯಾಗದಿದ್ದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಸ್ಥೆಯ ಸ್ವಂತ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸರ್ವರ್ ನೋಡಿಕೊಳ್ಳುವ ಅಡ್ಮಿನ್‌ಗಳಿಗಾಗಿ ಈ ಪುಟವನ್ನು ಬರೆಯಲಾಗಿದೆ. ಹೊಸ ನೌಕರರಿಗೆ ವಿಳಾಸ ಬರದಿರುವುದು, ತಪ್ಪು ವಿಳಾಸ ಬರುವುದು, ಇದ್ದ ವಿಳಾಸ ಇದ್ದಕ್ಕಿದ್ದಂತೆ ಬದಲಾಗುವುದು, ಈ ಮೂರು ಬಗೆಯ ದೂರುಗಳಿಗೆ ಇಲ್ಲಿ ಉತ್ತರಗಳಿವೆ. ಕಮಾಂಡ್‌ಗಳ ಹೆಸರುಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದೆ. ಪವರ್‌ಶೆಲ್‌ನಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪ್ ಮಾಡಬೇಕು.

ವಿಳಾಸ ತಾನಾಗಿ ರಚನೆಯಾಗುವುದು ನಿಜವಾಗಿ ಯಾವ ಗಳಿಗೆಯಲ್ಲಿ?

ಬಹುಪಾಲು ಗೊಂದಲಗಳ ಮೂಲ ಈ ಪ್ರಶ್ನೆಯಲ್ಲಿಯೇ ಇರುವುದರಿಂದ ಇದಕ್ಕೆ ಸ್ವಲ್ಪ ವಿವರವಾದ ಉತ್ತರ ಅಗತ್ಯ. ಎಕ್ಸ್‌ಚೇಂಜ್ 2000 ಮತ್ತು 2003ರಲ್ಲಿ ರಿಸಿಪಿಯೆಂಟ್ ಅಪ್‌ಡೇಟ್ ಸರ್ವಿಸ್ ಎಂಬ ಸೇವೆಯೊಂದು ಹಿನ್ನೆಲೆಯಲ್ಲಿ ನಡೆಯುತ್ತಿತ್ತು. ಬಳಕೆದಾರರ ವಿವರಗಳ ಕೋಶವಾದ ಆಕ್ಟಿವ್ ಡೈರೆಕ್ಟರಿಯಲ್ಲಿ ಹೊಸ ಬಳಕೆದಾರರು ಸೇರಿದ್ದಾರೆಯೇ, ಇದ್ದವರ ವಿವರ ಬದಲಾಗಿದೆಯೇ ಎಂದು ಅದು ಆಗಾಗ ನೋಡಿ, ರಿಸಿಪಿಯೆಂಟ್ ಪಾಲಿಸಿಯ (ಯಾರಿಗೆ ಯಾವ ಮಾದರಿಯ ವಿಳಾಸ ಎಂದು ಹೇಳುವ ನಿಯಮದ) ಪ್ರಕಾರ ವಿಳಾಸಗಳನ್ನು ಬರೆಯುತ್ತಿತ್ತು. ಎಕ್ಸ್‌ಚೇಂಜ್ 2007ರಲ್ಲಿ ಆ ಸೇವೆಯನ್ನು ಕೈಬಿಡಲಾಯಿತು. ಅಂದಿನಿಂದ ಮೇಲ್‌ಬಾಕ್ಸ್ ಸೃಷ್ಟಿಯಾಗುವ ಕ್ಷಣದಲ್ಲಿ, ಅಥವಾ ಎಕ್ಸ್‌ಚೇಂಜ್‌ನ ಸ್ವಂತ ಸಾಧನಗಳ ಮೂಲಕ ಅದರ ವಿವರವನ್ನು ತಿದ್ದಿದಾಗ, ಅಥವಾ ಅಡ್ಮಿನ್ ತಾನೇ ಅಪ್‌ಡೇಟ್-ಇಮೇಲ್‌ಅಡ್ರೆಸ್‌ಪಾಲಿಸಿ ಕಮಾಂಡ್ ಓಡಿಸಿದಾಗ ಮಾತ್ರ ಪಾಲಿಸಿ ಅನ್ವಯವಾಗುತ್ತದೆ.

ಅಂದರೆ ವಿಳಾಸ ತಾನಾಗಿ ಹುಟ್ಟುತ್ತದೆಯೇ ಹೊರತು ತಾನಾಗಿ ತಿದ್ದಿಕೊಳ್ಳುವುದಿಲ್ಲ. ಹಳೆಯ ಸೇವೆಗೆ ಹೊಂದಿಕೊಂಡವರು ಇಂದಿಗೂ ಕಾದು ನೋಡುತ್ತ ಕೂರುತ್ತಾರೆ. ಅಪ್‌ಡೇಟ್ ಓಡಿಸುವವರು ಇಲ್ಲದಿದ್ದರೆ ಎಷ್ಟು ಕಾದರೂ ಏನೂ ಆಗುವುದಿಲ್ಲ.

ಹೊಸ ಪಾಲಿಸಿ ಮಾಡಿ ಉಳಿಸಿದ್ದೇನೆ, ಆದರೆ ಒಬ್ಬರ ವಿಳಾಸವೂ ಬದಲಾಗಿಲ್ಲ. ಏಕೆ?

ಉಳಿಸುವುದು ಬೇರೆ, ಅನ್ವಯಿಸುವುದು ಬೇರೆ. ನ್ಯೂ-ಇಮೇಲ್‌ಅಡ್ರೆಸ್‌ಪಾಲಿಸಿ ಅಥವಾ ಸೆಟ್-ಇಮೇಲ್‌ಅಡ್ರೆಸ್‌ಪಾಲಿಸಿ ಕಮಾಂಡ್ ಪಾಲಿಸಿಯ ವ್ಯಾಖ್ಯೆಯನ್ನು ಮಾತ್ರ ಬರೆದಿಡುತ್ತದೆ. ಗೆಟ್-ಇಮೇಲ್‌ಅಡ್ರೆಸ್‌ಪಾಲಿಸಿ ಓಡಿಸಿ ರಿಸಿಪಿಯೆಂಟ್‌ಫಿಲ್ಟರ್‌ಅಪ್ಲೈಡ್ ಎಂಬ ಸಾಲನ್ನು ನೋಡಿ. ಅಲ್ಲಿ ಫಾಲ್ಸ್ ಎಂದಿದ್ದರೆ ಪಾಲಿಸಿ ಇನ್ನೂ ಜನರನ್ನು ಮುಟ್ಟಿಲ್ಲ ಎಂದು ಅರ್ಥ. ಅಪ್‌ಡೇಟ್ ಕಮಾಂಡ್ ಓಡಿಸಿ, ಅಥವಾ ಅಡ್ಮಿನ್ ಸೆಂಟರ್‌ನಲ್ಲಿ ಆ ಪಾಲಿಸಿಯನ್ನು ಆಯ್ದು ಪಕ್ಕದ ವಿವರಗಳಲ್ಲಿ ಕಾಣುವ ಅಪ್ಲೈ ಕೊಂಡಿಯನ್ನು ಒತ್ತಿ. ಒತ್ತುವ ಮೊದಲು ಈ ಪುಟದ ಕೊನೆಯ ಪ್ರಶ್ನೆಯ ಉತ್ತರವನ್ನು ದಯವಿಟ್ಟು ಓದಿ.

ಎಲ್ಲರಿಗೂ ಸರಿಯಾಗಿ ಬಂದಿದೆ, ಒಬ್ಬರಿಗೆ ಮಾತ್ರ ಬಂದಿಲ್ಲ. ಎಲ್ಲಿಂದ ಹುಡುಕಲು ಆರಂಭಿಸಬೇಕು?

ಪಾಲಿಸಿಯಿಂದಲ್ಲ, ಆ ಒಬ್ಬರ ಮೇಲ್‌ಬಾಕ್ಸ್‌ನಿಂದ ಆರಂಭಿಸಿ. ಪಾಲಿಸಿ ಉಳಿದವರಿಗೆ ಕೆಲಸ ಮಾಡಿದೆ ಎಂದಮೇಲೆ ಅದನ್ನು ಕೆದಕುವುದರಿಂದ ಸರಿಯಿದ್ದವರ ವಿಳಾಸವೂ ಕೆಡುವ ಅಪಾಯವಿದೆ.

ಮೊದಲು ಗೆಟ್-ಮೇಲ್‌ಬಾಕ್ಸ್ ಮೂಲಕ ಇಮೇಲ್‌ಅಡ್ರೆಸ್‌ಪಾಲಿಸಿಎನೇಬಲ್ಡ್ ಎಂಬ ಗುಣವನ್ನು ನೋಡಿ. ಅದು ಫಾಲ್ಸ್ ಇದ್ದರೆ ಆ ವ್ಯಕ್ತಿಗೆ ಯಾವ ಪಾಲಿಸಿಯೂ ಅನ್ವಯವಾಗುವುದಿಲ್ಲ. ಅಪ್‌ಡೇಟ್ ಕಮಾಂಡ್ ಎಷ್ಟು ಸಲ ಓಡಿಸಿದರೂ ಅವರನ್ನು ಬಿಟ್ಟು ಮುಂದೆ ಹೋಗುತ್ತದೆ. ಎಂದೋ ಯಾರೋ ಕೈಯಾರೆ ವಿಳಾಸ ಬದಲಿಸಲು ಈ ಗುಣವನ್ನು ಸೂಚಿಸುವ ಟಿಕ್ ಗುರುತನ್ನು ತೆಗೆದಿರುತ್ತಾರೆ. ಟಿಕ್ ಇರುವವರೆಗೆ ಪ್ರೈಮರಿ ವಿಳಾಸವನ್ನು (ಹೊರಹೋಗುವ ಪತ್ರಗಳಲ್ಲಿ ಕಾಣುವ ಮುಖ್ಯ ವಿಳಾಸವನ್ನು) ನೇರವಾಗಿ ಬದಲಿಸಲು ಎಕ್ಸ್‌ಚೇಂಜ್ ಒಪ್ಪುವುದಿಲ್ಲವಾದ್ದರಿಂದ ಅಡ್ಮಿನ್‌ಗಳು ಅದನ್ನು ತೆಗೆಯುವುದು ಸಹಜ, ಮತ್ತೆ ಹಾಕಲು ಮರೆಯುವುದೂ ಸಹಜ. ಆದರೆ ಅದನ್ನು ಕಂಡ ಕೂಡಲೇ ಟ್ರೂ ಮಾಡಬೇಡಿ. ಟ್ರೂ ಮಾಡಿದೊಡನೆ ಪಾಲಿಸಿಯ ವಿಳಾಸ ಪ್ರೈಮರಿಯಾಗಿ ಕುಳಿತುಕೊಳ್ಳುತ್ತದೆ. ಆ ವ್ಯಕ್ತಿ ವರ್ಷಗಳಿಂದ ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚು ಹಾಕಿಸಿ ಹಂಚಿದ ವಿಳಾಸ ಎರಡನೆಯ ಸ್ಥಾನಕ್ಕೆ ಇಳಿಯುತ್ತದೆ. ಅವರನ್ನು ಕೇಳಿಯೇ ಮುಂದುವರಿಯುವುದು ಒಳ್ಳೆಯದು.

ಎರಡನೆಯದಾಗಿ, ಆ ಮೇಲ್‌ಬಾಕ್ಸ್‌ನ ಇಮೇಲ್‌ಅಡ್ರೆಸಸ್ ಪಟ್ಟಿಯನ್ನು ಪೂರ್ತಿ ಓದಿ. ದೊಡ್ಡ ಅಕ್ಷರಗಳಲ್ಲಿ ಎಸ್‌ಎಂಟಿಪಿ ಎಂದು ಆರಂಭವಾಗುವುದು ಪ್ರೈಮರಿ. ಸಣ್ಣ ಅಕ್ಷರಗಳಲ್ಲಿ ಆರಂಭವಾಗುವವು ಹೆಚ್ಚುವರಿ ವಿಳಾಸಗಳು. ವಿಳಾಸವೇ ಬಂದಿಲ್ಲ ಎಂಬ ದೂರಿನಲ್ಲಿ ಎಷ್ಟೋ ಸಲ ವಿಳಾಸ ಬಂದೇ ಇರುತ್ತದೆ, ಪ್ರೈಮರಿಯ ಬದಲು ಹೆಚ್ಚುವರಿಯಾಗಿ ಕುಳಿತಿರುತ್ತದೆ.

ಇವೆರಡೂ ಸರಿಯಿದ್ದರೆ, ಆ ವ್ಯಕ್ತಿ ಪಾಲಿಸಿಯ ಫಿಲ್ಟರ್‌ಗೆ ನಿಜಕ್ಕೂ ಸಿಗುತ್ತಾರೆಯೇ ಎಂದು ಪರೀಕ್ಷಿಸಿ. ಗೆಟ್-ರಿಸಿಪಿಯೆಂಟ್ ಕಮಾಂಡ್‌ಗೆ ರಿಸಿಪಿಯೆಂಟ್‌ಪ್ರಿವ್ಯೂಫಿಲ್ಟರ್ ಎಂಬ ಆಯ್ಕೆಯಿದ್ದು, ಪಾಲಿಸಿಯ ಫಿಲ್ಟರ್ ಅನ್ನು ಅದಕ್ಕೆ ಕೊಟ್ಟರೆ ಯಾರ್ಯಾರು ಆ ಪಾಲಿಸಿಯೊಳಗೆ ಬರುತ್ತಾರೆ ಎಂಬ ಪಟ್ಟಿ ಸಿಗುತ್ತದೆ. ನಿಮ್ಮ ಆಕ್ಟಿವ್ ಡೈರೆಕ್ಟರಿ ಫಾರೆಸ್ಟ್‌ನಲ್ಲಿ, ಅಂದರೆ ಡೈರೆಕ್ಟರಿಯ ಡೊಮೇನ್‌ಗಳ ಒಟ್ಟು ಗುಂಪಿನಲ್ಲಿ, ಒಂದಕ್ಕಿಂತ ಹೆಚ್ಚು ಡೊಮೇನ್‌ಗಳಿದ್ದರೆ ಸೆಟ್-ಎಡಿಸರ್ವರ್‌ಸೆಟ್ಟಿಂಗ್ಸ್ ಮೂಲಕ ಇಡೀ ಫಾರೆಸ್ಟ್ ಕಾಣುವಂತೆ ಮಾಡಿಕೊಂಡು ಆಮೇಲೆ ಹುಡುಕಿ. ಇಲ್ಲದಿದ್ದರೆ ಇರುವವರೂ ಇಲ್ಲದಂತೆ ತೋರುತ್ತಾರೆ.

ಎರಡು ಪಾಲಿಸಿಗಳಿಗೂ ಒಬ್ಬರೇ ಹೊಂದುತ್ತಾರೆ. ಎರಡೂ ವಿಳಾಸ ಬರಬೇಕಲ್ಲವೇ?

ಬರುವುದಿಲ್ಲ. ಒಬ್ಬರಿಗೆ ಅನ್ವಯವಾಗುವುದು ಒಂದೇ ಪಾಲಿಸಿ. ಆದ್ಯತೆಯ ಸಂಖ್ಯೆ ಚಿಕ್ಕದಿರುವ ಪಾಲಿಸಿ ಮೊದಲು ಪರಿಶೀಲನೆಯಾಗುತ್ತದೆ. ಅದರ ಫಿಲ್ಟರ್ ಹೊಂದಿದರೆ ಅಲ್ಲಿಗೆ ಮುಗಿಯಿತು, ಮುಂದಿನವನ್ನು ನೋಡುವುದೇ ಇಲ್ಲ. ಲೋಯೆಸ್ಟ್ ಆದ್ಯತೆಯ ಡೀಫಾಲ್ಟ್ ಪಾಲಿಸಿ ಬೇರೆಲ್ಲಿಯೂ ಹೊಂದದವರಿಗಾಗಿ ಇರುವಂಥದ್ದು. ಎರಡು ಡೊಮೇನ್‌ಗಳ ವಿಳಾಸವೂ ಬೇಕಿದ್ದರೆ ಒಂದೇ ಪಾಲಿಸಿಯಲ್ಲಿ ಎರಡು ಮಾದರಿಗಳನ್ನು ಬರೆದು, ಒಂದನ್ನು ಪ್ರೈಮರಿ ಎಂದು ಗುರುತಿಸಬೇಕು.

ಎಚ್‌ಆರ್ ವಿಭಾಗದವರು ನೌಕರರ ಡಿಪಾರ್ಟ್‌ಮೆಂಟ್ ಬದಲಿಸಿದ್ದಾರೆ. ವಿಳಾಸ ಏಕೆ ಬದಲಾಗಿಲ್ಲ?

ಮೊದಲ ಪ್ರಶ್ನೆಯ ಉತ್ತರವೇ ಇಲ್ಲಿಗೂ ಸಲ್ಲುತ್ತದೆ. ಎಚ್‌ಆರ್ ತಂತ್ರಾಂಶವಾಗಲಿ, ಆಕ್ಟಿವ್ ಡೈರೆಕ್ಟರಿ ಯೂಸರ್ಸ್ ಅಂಡ್ ಕಂಪ್ಯೂಟರ್ಸ್ ಪರದೆಯಾಗಲಿ ಡೈರೆಕ್ಟರಿಗೆ ನೇರವಾಗಿ ಬರೆಯುತ್ತವೆ. ಆ ಬದಲಾವಣೆಯ ಸುದ್ದಿ ಎಕ್ಸ್‌ಚೇಂಜ್‌ಗೆ ಆಗ ಮುಟ್ಟುವುದಿಲ್ಲ. ಮುಂದೆ ಎಂದೋ ಒಂದು ದಿನ ಯಾರೋ ಅಡ್ಮಿನ್ ಅದೇ ಮೇಲ್‌ಬಾಕ್ಸ್‌ನ ಸಂಬಂಧವಿಲ್ಲದ ಇನ್ನೊಂದು ವಿವರವನ್ನು ಎಕ್ಸ್‌ಚೇಂಜ್ ಮೂಲಕ ತಿದ್ದಿದಾಗ ಪಾಲಿಸಿ ಎಚ್ಚರಗೊಂಡು ವಿಳಾಸವನ್ನೂ ಬದಲಿಸಿಬಿಡುತ್ತದೆ. ಕೋಟಾ ಹೆಚ್ಚಿಸಿದ್ದಷ್ಟೇ, ವಿಳಾಸ ಏಕೆ ಬದಲಾಯಿತು ಎಂದು ಕೇಳುವವರ ಸಂದರ್ಭ ಬಹುತೇಕ ಇದೇ ಆಗಿರುತ್ತದೆ. ಡಿಪಾರ್ಟ್‌ಮೆಂಟಿನಂಥ ಆಗಾಗ ಬದಲಾಗುವ ವಿವರದ ಮೇಲೆ ಪಾಲಿಸಿಯನ್ನು ನಿಲ್ಲಿಸುವುದು ಸರಿಯಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಎಕ್ಸ್‌ಚೇಂಜ್ ಕೊಡುವ 15 ಕಸ್ಟಮ್ ಅಟ್ರಿಬ್ಯೂಟ್‌ಗಳಲ್ಲಿ ಒಂದನ್ನು ಈ ಕೆಲಸಕ್ಕೆಂದೇ ಮೀಸಲಿಟ್ಟರೆ ಯಾರು ಯಾವ ಪಾಲಿಸಿಗೆ ಸೇರಿದವರು ಎಂಬುದು ನಿಮ್ಮ ಹಿಡಿತದಲ್ಲಿ ಉಳಿಯುತ್ತದೆ.

ಹೆಸರು ಮತ್ತು ಸರ್‌ನೇಮ್ ಮಾದರಿ ಹಾಕಿದ್ದೇವೆ. ನಮ್ಮ ನೌಕರರಲ್ಲಿ ಅರ್ಧದಷ್ಟು ಜನರ ವಿಳಾಸ ವಿಚಿತ್ರವಾಗಿ ಬಂದಿದೆ. ಇದು ಸರ್ವರ್ ದೋಷವೇ?

ಅಲ್ಲ. ಇದು ಹೆಸರುಗಳನ್ನು ತುಂಬಿದ ರೀತಿಯ ದೋಷ, ಮತ್ತು ಕರ್ನಾಟಕದ ಕಚೇರಿಗಳಲ್ಲಿ ಇದು ಬಹಳ ಸಾಮಾನ್ಯ.

ಪಾಲಿಸಿಯ ಮಾದರಿಯಲ್ಲಿ %ಜಿ ಎಂದರೆ ಮೊದಲ ಹೆಸರು, %ಐ ಎಂದರೆ ಇನಿಷಿಯಲ್, %ಎಸ್ ಎಂದರೆ ಸರ್‌ನೇಮ್, %ಡಿ ಎಂದರೆ ಡಿಸ್‌ಪ್ಲೇ ನೇಮ್, %ಎಂ ಎಂದರೆ ಏಲಿಯಾಸ್ (ಮೇಲ್‌ಬಾಕ್ಸ್‌ಗೆ ಕೊಟ್ಟ ಕಿರುಹೆಸರು). %1ಜಿ ಎಂದು ಬರೆದರೆ ಮೊದಲ ಹೆಸರಿನ ಮೊದಲ ಅಕ್ಷರ, %2ಎಸ್ ಎಂದರೆ ಸರ್‌ನೇಮಿನ ಮೊದಲ ಎರಡು ಅಕ್ಷರ. ಎಲ್ಲರಿಗೂ ಒಂದು ಮೊದಲ ಹೆಸರು, ಒಂದು ಸರ್‌ನೇಮ್ ಇರುತ್ತದೆ ಎಂಬ ನಂಬಿಕೆಯ ಮೇಲೆ ಕಟ್ಟಿದ ಮಾದರಿ, ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಹೆಸರಿನ ಹಿಂದೆ ಇಟ್ಟುಕೊಳ್ಳುವ ನಮ್ಮ ಕಡೆಯ ರೂಢಿಗೆ ಹೊಂದುವುದಿಲ್ಲ. ಉದಾಹರಣೆಗೆ ಕೆ. ಎಸ್. ಮಂಜುನಾಥ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಫಾರ್ಮಿನಲ್ಲಿ ಸರ್‌ನೇಮ್ ಕಡ್ಡಾಯವೆಂದು ಕೆಂಪು ಗುರುತು ಇದ್ದುದರಿಂದ ಒಬ್ಬ ಗುಮಾಸ್ತರು ಅಲ್ಲಿ ಕೆ ಎಸ್ ಎಂದು ತುಂಬುತ್ತಾರೆ. ಇನ್ನೊಬ್ಬರು ಕೆ ಎಸ್ ಅನ್ನು ಮೊದಲ ಹೆಸರೆಂದೂ ಮಂಜುನಾಥ ಎಂಬುದನ್ನು ಸರ್‌ನೇಮ್ ಎಂದೂ ತಿಳಿಯುತ್ತಾರೆ. ಮೂರನೆಯವರು ಪ್ರತಿ ಅಕ್ಷರದ ಮುಂದೆ ಚುಕ್ಕಿಯನ್ನೂ ಇಡುತ್ತಾರೆ. ಒಂದೇ ಪಾಲಿಸಿಯಿಂದ ಮೂರು ಬಗೆಯ ವಿಳಾಸಗಳು ಹೊರಬರುತ್ತವೆ. ಚುಕ್ಕಿಯಂತೂ ನಿಜವಾದ ತೊಡಕು: ವಿಳಾಸದಲ್ಲಿ ಅಟ್ ಚಿಹ್ನೆಯ ಹಿಂದಿನ ಭಾಗ ಚುಕ್ಕಿಯಿಂದ ಆರಂಭವಾಗುವಂತಿಲ್ಲ, ಚುಕ್ಕಿಯಲ್ಲಿ ಮುಗಿಯುವಂತಿಲ್ಲ, ಎರಡು ಚುಕ್ಕಿಗಳು ಒತ್ತಾಗಿ ಬರುವಂತಿಲ್ಲ.

ಮಾದರಿಯಲ್ಲಿ %ಆರ್ ಬಳಸಿ ಕೆಲವನ್ನು ಸರಿಪಡಿಸಬಹುದು. ಅದರ ಮುಂದೆ ಎರಡು ಅಕ್ಷರ ಬರೆದರೆ ಮೊದಲನೆಯದರ ಜಾಗಕ್ಕೆ ಎರಡನೆಯದು ಬರುತ್ತದೆ. ಎರಡೂ ಒಂದೇ ಅಕ್ಷರವಾದರೆ ಆ ಅಕ್ಷರವೇ ಕಳೆದುಹೋಗುತ್ತದೆ. ಆದರೆ ಇದು ಮೇಲ್ಪದರದ ತೇಪೆಯಷ್ಟೇ. ಹೆಸರಿನ ಕಾಗುಣಿತದ ಸಮಸ್ಯೆ ಇದರಿಂದ ಬಗೆಹರಿಯುವುದಿಲ್ಲ: ಲಕ್ಷ್ಮಿ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬರು ಎಕ್ಸ್ ಅಕ್ಷರ ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಕೆ, ಎಸ್, ಎಚ್ ಸೇರಿಸಿ ಬರೆಯುತ್ತಾರೆ, ಮತ್ತು ಯಾವುದು ತಮ್ಮ ಹೆಸರು ಎಂಬುದು ಅವರವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಆದ್ದರಿಂದ ಇಂಥ ಸಂಸ್ಥೆಗಳಿಗೆ ನನ್ನ ಸಲಹೆ ಇದು: ಪಾಲಿಸಿಯ ಮಾದರಿ %ಎಂ ಆಗಿರಲಿ, ಅಂದರೆ ಏಲಿಯಾಸ್‌ನಿಂದಲೇ ವಿಳಾಸ ರಚನೆಯಾಗಲಿ, ಏಲಿಯಾಸ್ ಏನಿರಬೇಕು ಎಂಬುದನ್ನು ಕೆಲಸಕ್ಕೆ ಸೇರುವ ದಿನ ಆ ವ್ಯಕ್ತಿಯನ್ನೇ ಕೇಳಿ ನಿಗದಿಪಡಿಸಲಿ. ಒಂದು ನಿಮಿಷದ ಕೆಲಸವದು. ಜನ ಆ ವಿಳಾಸದ ಜೊತೆ ಹತ್ತಾರು ವರ್ಷ ಬದುಕಬೇಕಾಗುತ್ತದೆ. ತಮ್ಮ ಹೆಸರನ್ನು ತಾವೇ ತಪ್ಪಾಗಿ ಟೈಪ್ ಮಾಡುತ್ತ ಇರುವಂತೆ ಅವರನ್ನು ಬಿಡಬಾರದು.

ವಿಳಾಸದ ಕೊನೆಗೆ 2 ಎಂಬ ಅಂಕಿ ಸೇರಿಕೊಂಡಿದೆ. ತೆಗೆಯಬಹುದೇ?

ಪಾಲಿಸಿ ರಚಿಸಲು ಹೊರಟ ವಿಳಾಸ ಆಗಲೇ ಬೇರೆಯವರ ಬಳಿ ಇದ್ದರೆ, ಡಿಕ್ಕಿ ತಪ್ಪಿಸಲು ಎಕ್ಸ್‌ಚೇಂಜ್ ಅಂಕಿಯನ್ನು ಸೇರಿಸುತ್ತದೆ. ಆ ಮೂಲ ವಿಳಾಸ ಯಾರ ಬಳಿ ಇದೆ ಎಂದು ಮೊದಲು ಪತ್ತೆಹಚ್ಚಿ. ಕೆಲಸ ಬಿಟ್ಟುಹೋದವರ ಖಾತೆಯನ್ನು ಡಿಸೇಬಲ್ ಮಾಡಿದ ಮಾತ್ರಕ್ಕೆ ಅವರ ಮೇಲ್‌ಬಾಕ್ಸ್ ವಿಳಾಸವನ್ನು ಬಿಟ್ಟುಕೊಡುವುದಿಲ್ಲ. ವಿತರಣಾ ಗುಂಪು, ಮೇಲ್ ಕಾಂಟ್ಯಾಕ್ಟ್, ಪಬ್ಲಿಕ್ ಫೋಲ್ಡರ್ ಇವುಗಳ ಬಳಿಯೂ ಅದು ಇರಬಹುದು, ಹೆಚ್ಚುವರಿ ವಿಳಾಸವಾಗಿಯೂ ಇರಬಹುದು. ಬಿಟ್ಟುಹೋದವರ ವಿಳಾಸವನ್ನು ಅದೇ ಹೆಸರಿನ ಹೊಸಬರಿಗೆ ಕೊಡುವುದು ತಾಂತ್ರಿಕವಾಗಿ ಸುಲಭ. ಆದರೆ ಹಳಬರಿಗೆ ಬರಬೇಕಾದ ಬ್ಯಾಂಕಿನ ಪತ್ರ, ಆಸ್ಪತ್ರೆಯ ವರದಿ ಹೊಸಬರ ಇನ್‌ಬಾಕ್ಸ್‌ಗೆ ಬೀಳುತ್ತವೆ. ಅಂಕಿ ಇದ್ದರೂ ಚಿಂತೆಯಿಲ್ಲ, ಇದಾಗಬಾರದು.

ಹುಡುಕಿದರೆ ಒಬ್ಬರೇ ಸಿಗುತ್ತಾರೆ, ಆದರೂ 5.1.4 ಎಂಬ ಸಂಖ್ಯೆಯೊಡನೆ ಪತ್ರ ಬೌನ್ಸ್ ಆಗುತ್ತಿದೆ. ಏನಿದು?

5.1.4 ಎಂದರೆ ವಿಳಾಸ ಅಸ್ಪಷ್ಟವಾಗಿದೆ, ಒಂದಕ್ಕಿಂತ ಹೆಚ್ಚು ಕಡೆ ಅದೇ ವಿಳಾಸವಿದೆ ಎಂದರ್ಥ. ಎಕ್ಸ್‌ಚೇಂಜ್ ಕಮಾಂಡ್‌ಗಳು ಮೇಲ್ ಸೌಲಭ್ಯವಿರುವವರನ್ನು ಮಾತ್ರ ತೋರಿಸುತ್ತವೆ. ಸ್ಕ್ರಿಪ್ಟ್ ಮೂಲಕವೋ ಬೇರೆ ತಂತ್ರಾಂಶದ ಮೂಲಕವೋ ಡೈರೆಕ್ಟರಿಯಲ್ಲಿ ವಿಳಾಸಗಳಿರುವ ಪ್ರಾಕ್ಸಿಅಡ್ರೆಸಸ್ ಎಂಬ ಕ್ಷೇತ್ರಕ್ಕೆ ನೇರವಾಗಿ ಬರೆದಿದ್ದರೆ ಎಕ್ಸ್‌ಚೇಂಜ್‌ನ ಪರಿಶೀಲನೆ ನಡೆದೇ ಇರುವುದಿಲ್ಲ. ಆದ್ದರಿಂದ ಇಡೀ ಫಾರೆಸ್ಟ್‌ನಲ್ಲಿ ಆ ಕ್ಷೇತ್ರದ ಮೇಲೆಯೇ ಎಲ್‌ಡ್ಯಾಪ್ ಹುಡುಕಾಟ (ಡೈರೆಕ್ಟರಿಯನ್ನೇ ನೇರವಾಗಿ ಕೇಳುವ ಹುಡುಕಾಟ) ನಡೆಸಿ.

ನನಗೆ ಬೇಕಾದ ಡೊಮೇನ್ ಪಾಲಿಸಿಯ ಪಟ್ಟಿಯಲ್ಲಿ ಕಾಣುತ್ತಿಲ್ಲ.

ಅದನ್ನು ಮೊದಲು ಅಕ್ಸೆಪ್ಟೆಡ್ ಡೊಮೇನ್ ಆಗಿ, ಅಂದರೆ ಸರ್ವರ್ ಪತ್ರ ಸ್ವೀಕರಿಸುವ ಡೊಮೇನ್ ಆಗಿ, ಸೇರಿಸಬೇಕು. ಅಥಾರಿಟೇಟಿವ್ ಅಥವಾ ಇಂಟರ್ನಲ್ ರಿಲೇ ಬಗೆಯವು ಮಾತ್ರ ಪಾಲಿಸಿಗೆ ಸಲ್ಲುತ್ತವೆ. ಎಕ್ಸ್‌ಟರ್ನಲ್ ರಿಲೇ ಸಲ್ಲುವುದಿಲ್ಲ. ಪಾಲಿಸಿಯಲ್ಲಿ ಬಳಕೆಯಲ್ಲಿರುವ ಡೊಮೇನ್ ಅನ್ನು ಅಳಿಸಲು ಸರ್ವರ್ ಬಿಡದಿರುವುದಕ್ಕೂ ಇದೇ ನಂಟು ಕಾರಣ.

ಐಟಿ ವಿಭಾಗದ ಕೆಲವರ ವಿಳಾಸ ಮಾತ್ರ ಅನುಮತಿ ಸಾಲದು ಎಂಬ ದೋಷ ತೋರಿಸುತ್ತದೆ. ಅವರೇ ಅಡ್ಮಿನ್‌ಗಳಲ್ಲವೇ?

ಅಡ್ಮಿನ್‌ಗಳಾಗಿರುವುದೇ ಇಲ್ಲಿ ಕಾರಣ. ಡೊಮೇನ್ ಅಡ್ಮಿನ್ಸ್‌ನಂಥ ರಕ್ಷಿತ ಗುಂಪುಗಳ ಸದಸ್ಯರ ಖಾತೆಗಳಿಗೆ ಅಡ್ಮಿನ್‌ಎಸ್‌ಡಿಹೋಲ್ಡರ್ ಎಂಬ ವಸ್ತುವಿನ ಅನುಮತಿಗಳನ್ನು ಆಕ್ಟಿವ್ ಡೈರೆಕ್ಟರಿ ಪೂರ್ವನಿಯೋಜಿತವಾಗಿ 60 ನಿಮಿಷಕ್ಕೊಮ್ಮೆ ಬಲವಂತವಾಗಿ ಹೇರುತ್ತದೆ, ಮೇಲಿನಿಂದ ಇಳಿದುಬರುವ ಅನುಮತಿಗಳನ್ನು ಕತ್ತರಿಸುತ್ತದೆ. ಎಕ್ಸ್‌ಚೇಂಜ್ ಸರ್ವರ್‌ಗಳು ಡೈರೆಕ್ಟರಿಗೆ ಬರೆಯಲು ಬಳಸುವ ಎಕ್ಸ್‌ಚೇಂಜ್ ಟ್ರಸ್ಟೆಡ್ ಸಬ್‌ಸಿಸ್ಟಂ ಗುಂಪಿಗೆ ಆ ಖಾತೆಯ ಮೇಲೆ ಬರೆಯುವ ಹಕ್ಕು ಹಾಗೆ ತಪ್ಪಿಹೋಗುತ್ತದೆ. ಇನ್‌ಹೆರಿಟೆನ್ಸ್ ಟಿಕ್ ಅನ್ನು ಕೈಯಾರೆ ಹಾಕಿದರೆ ಕೆಲಸ ಆಗುತ್ತದೆ, ಆದರೆ ಗಂಟೆಯೊಳಗೆ ಅದು ಮತ್ತೆ ಮಾಯವಾಗುತ್ತದೆ. ಶಾಶ್ವತ ಪರಿಹಾರವೆಂದರೆ ಮೇಲ್ ಓದುವ ಖಾತೆಯನ್ನೂ ಆಡಳಿತದ ಖಾತೆಯನ್ನೂ ಬೇರೆ ಮಾಡುವುದು. ಭದ್ರತೆಯ ದೃಷ್ಟಿಯಿಂದಲೂ ಅದೇ ಸರಿ.

ಅಪ್‌ಡೇಟ್ ಓಡಿಸಿದಾಗ ಏಲಿಯಾಸ್ ಸರಿಯಿಲ್ಲ, ವಸ್ತು ಕೆಟ್ಟಿದೆ ಎಂಬ ಎಚ್ಚರಿಕೆಗಳು ಬರುತ್ತವೆ.

ಬಹಳ ಹಿಂದೆ 2003ರ ಆವೃತ್ತಿಯಿಂದ ಬೆಳೆದುಬಂದ ವ್ಯವಸ್ಥೆಗಳಲ್ಲಿ ಇದು ಕಾಣುತ್ತದೆ. ಆಗ ಏಲಿಯಾಸ್‌ನಲ್ಲಿ ಖಾಲಿ ಜಾಗದಂಥವು ನುಸುಳಿಕೊಳ್ಳುತ್ತಿದ್ದವು; 2007ರಿಂದ ಈಚೆಗೆ ಎಕ್ಸ್‌ಚೇಂಜ್ ಅವನ್ನು ಒಪ್ಪುವುದಿಲ್ಲ. ಎಚ್ಚರಿಕೆಯಲ್ಲಿ ಹೆಸರಿಸಿದ ವಸ್ತುವಿನ ಏಲಿಯಾಸ್ ಅನ್ನು ತಿದ್ದಿ. ಏಲಿಯಾಸ್ ಇಲ್ಲದೇ ಇದ್ದರೆ ಅಪ್‌ಡೇಟ್ ಕಮಾಂಡ್‌ನ ಫಿಕ್ಸ್‌ಮಿಸ್ಸಿಂಗ್‌ಏಲಿಯಾಸ್ ಆಯ್ಕೆ ಒಂದನ್ನು ರಚಿಸಿಕೊಡುತ್ತದೆ. ಅದೇ ಕಾಲದ ಪಾಲಿಸಿಯನ್ನು ತಿದ್ದಲು ಸರ್ವರ್ ನಿರಾಕರಿಸಿದರೆ, ಅದರ ಹಳೆಯ ಎಲ್‌ಡ್ಯಾಪ್ ಫಿಲ್ಟರ್ ಅನ್ನು ಹೊಸ ರೂಪಕ್ಕೆ ಬರೆದು ಫೋರ್ಸ್‌ಅಪ್‌ಗ್ರೇಡ್ ಆಯ್ಕೆಯೊಡನೆ ಉಳಿಸಬೇಕು.

ಪಾಲಿಸಿ ಬದಲಿಸಿದರೆ ಹಳೆಯ ವಿಳಾಸಕ್ಕೆ ಬರುವ ಪತ್ರಗಳ ಗತಿಯೇನು?

ಅವು ಬರುತ್ತಲೇ ಇರುತ್ತವೆ. ಹೊಸ ಪ್ರೈಮರಿ ಬಂದಾಗ ಹಳೆಯದು ಅಳಿಯುವುದಿಲ್ಲ, ಹೆಚ್ಚುವರಿ ವಿಳಾಸವಾಗಿ ಉಳಿಯುತ್ತದೆ. ಪಾಲಿಸಿಯನ್ನೇ ಅಳಿಸಿದರೂ ಅದು ಕೊಟ್ಟ ವಿಳಾಸಗಳು ಹೋಗುವುದಿಲ್ಲ. ಬೇಡವಾದುದನ್ನು ನೀವೇ ತೆಗೆಯಬೇಕು. ಆದರೆ ಆ ವಿಳಾಸ ಈಗಲೂ ಪಾಲಿಸಿಯ ಮಾದರಿಯಲ್ಲಿದ್ದರೆ, ಮುಂದಿನ ಸಲ ಪಾಲಿಸಿ ಅನ್ವಯವಾದಾಗ ಮತ್ತೆ ಬಂದು ಕೂರುತ್ತದೆ.

ಕ್ಲೌಡ್‌ಗೆ ಮೇಲ್‌ಬಾಕ್ಸ್ ಸಾಗಿಸುವಾಗ ಹೊಂದುವ ವಿಳಾಸವಿಲ್ಲ ಎಂಬ ದೋಷದಿಂದ ಕೆಲವರದ್ದು ಮಾತ್ರ ನಿಲ್ಲುತ್ತದೆ.

ಸ್ವಂತ ಸರ್ವರ್ ಮತ್ತು ಕ್ಲೌಡ್ ಎರಡನ್ನೂ ಜೋಡಿಸುವ ಹೈಬ್ರಿಡ್ ವ್ಯವಸ್ಥೆ ಕಟ್ಟುವಾಗ ಹೈಬ್ರಿಡ್ ಕಾನ್ಫಿಗರೇಶನ್ ವಿಝರ್ಡ್ ನಿಮ್ಮ ಪಾಲಿಸಿಗೆ ಮೇಲ್.ಆನ್‌ಮೈಕ್ರೋಸಾಫ್ಟ್.ಕಾಮ್ ಎಂದು ಕೊನೆಯಾಗುವ ಹೆಚ್ಚುವರಿ ವಿಳಾಸವನ್ನು ಸೇರಿಸುತ್ತದೆ. ಯಾರ ಪಾಲಿಸಿಯ ಟಿಕ್ ಗುರುತು ತೆಗೆದಿದೆಯೋ ಅವರಿಗೆ ಆ ವಿಳಾಸ ಮುಟ್ಟಿರುವುದಿಲ್ಲ. ಸಾಗಣೆ ಅಲ್ಲಿಯೇ ನಿಲ್ಲುತ್ತದೆ. ಅವರ ಪ್ರೈಮರಿಯನ್ನು ಕದಲಿಸದೆ ಆ ಒಂದು ವಿಳಾಸವನ್ನು ಕೈಯಾರೆ ಸೇರಿಸಿದರೆ ಸಾಕು. ಸ್ಥಳೀಯ ಡೈರೆಕ್ಟರಿಯಿಂದ ಕ್ಲೌಡ್‌ಗೆ ಸಿಂಕ್ ಆಗುವ ಬಳಕೆದಾರರ ವಿಳಾಸವನ್ನು ಪೂರ್ವನಿಯೋಜಿತವಾಗಿ ಕ್ಲೌಡ್ ಕಡೆಯಿಂದ ತಿದ್ದಲು ಬರುವುದಿಲ್ಲ, ಸ್ಥಳೀಯ ಡೈರೆಕ್ಟರಿಯಲ್ಲಿಯೇ ತಿದ್ದಬೇಕು. ಸಿಂಕ್ ಸಾಮಾನ್ಯವಾಗಿ 30 ನಿಮಿಷಕ್ಕೊಮ್ಮೆ ನಡೆಯುವುದರಿಂದ ಇಲ್ಲಿ ಮಾತ್ರ ಕಾಯುವುದಕ್ಕೆ ಅರ್ಥವಿದೆ. ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ ಇಮೇಲ್ ಅಡ್ರೆಸ್ ಪಾಲಿಸಿಗಳು ಮೈಕ್ರೋಸಾಫ್ಟ್ 365 ಗುಂಪುಗಳಿಗಷ್ಟೇ ಇವೆ, ಬಳಕೆದಾರರ ಮೇಲ್‌ಬಾಕ್ಸ್‌ಗಳಿಗಿಲ್ಲ.

ಕನ್ನಡ ಲಿಪಿಯಲ್ಲಿಯೇ ವಿಳಾಸ ರಚನೆಯಾಗುವಂತೆ ಪಾಲಿಸಿ ಬರೆಯಬಹುದೇ?

ಇಂಗ್ಲಿಷೇತರ ಲಿಪಿಯ ವಿಳಾಸಗಳಿಗೆ 2012ರಿಂದ ಅಂತರರಾಷ್ಟ್ರೀಯ ಮಾನದಂಡಗಳಿವೆ, ಕನ್ನಡ ಲಿಪಿಯ .ಭಾರತ ಡೊಮೇನ್ ಕೂಡ ಇದೆ. ಎಕ್ಸ್‌ಚೇಂಜ್ 2019 ಅಂಥ ವಿಳಾಸಗಳೊಡನೆ ಪತ್ರ ವಿನಿಮಯ ಮಾಡಬಲ್ಲದು. ಆದರೆ ತನ್ನ ಮೇಲ್‌ಬಾಕ್ಸ್‌ಗಳಿಗೆ ಪಾಲಿಸಿಯ ಮೂಲಕ ಅಂಥ ವಿಳಾಸ ಕೊಡಲಾರದು. ಡಿಸ್‌ಪ್ಲೇ ನೇಮ್ ಅನ್ನು ಕನ್ನಡದಲ್ಲಿ ಇಡಲು ಯಾವ ಅಡ್ಡಿಯೂ ಇಲ್ಲ, ಇಡುವುದು ಸಂತೋಷದ ವಿಷಯವೂ ಹೌದು. ಹಾಗಿದ್ದಾಗ ಮಾದರಿಯಲ್ಲಿ %ಡಿ ಬಳಸಬೇಡಿ. ಏಲಿಯಾಸ್ ಅನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬೇರೆಯಾಗಿ ಕೊಡಿ.

ಎಲ್ಲರ ಮೇಲೂ ಪಾಲಿಸಿ ಅನ್ವಯಿಸುವ ಮೊದಲು ಏನೇನು ಮಾಡಿಕೊಳ್ಳಬೇಕು? ಕೆಟ್ಟರೆ ಹಿಂದಕ್ಕೆ ಹೋಗಬಹುದೇ?

ಹಿಂದಿನ ವಿಳಾಸಗಳ ಪ್ರತಿ ನಿಮ್ಮ ಬಳಿ ಇದ್ದರೆ ಮಾತ್ರ ಹೋಗಬಹುದು. ಅಪ್‌ಡೇಟ್ ಕಮಾಂಡ್‌ಗೆ ರದ್ದು ಮಾಡುವ ಗುಂಡಿ ಇಲ್ಲ. ಗೆಟ್-ರಿಸಿಪಿಯೆಂಟ್ ಮೂಲಕ ಎಲ್ಲರ ಪ್ರೈಮರಿ ವಿಳಾಸವನ್ನೂ ಪೂರ್ತಿ ಪಟ್ಟಿಯನ್ನೂ ಎಕ್ಸ್‌ಪೋರ್ಟ್-ಕ್ಲಿಎಕ್ಸ್‌ಎಂಎಲ್ ಬಳಸಿ ಕಡತಕ್ಕೆ ಉಳಿಸಿ. ಈ ಕಮಾಂಡ್ ಸಾಮಾನ್ಯವಾಗಿ ಮೊದಲ 1000 ಫಲಿತಾಂಶಗಳನ್ನಷ್ಟೇ ಕೊಡುತ್ತದೆ, ಆದ್ದರಿಂದ ರಿಸಲ್ಟ್‌ಸೈಜ್ ಅನ್‌ಲಿಮಿಟೆಡ್ ಎಂದು ಸೇರಿಸಲೇಬೇಕು. ಆ ಬಳಿಕ ವಾಟ್‌ಇಫ್ ಆಯ್ಕೆಯೊಡನೆ ಒಮ್ಮೆ, ಇಬ್ಬರು ಮೂವರಷ್ಟೇ ಸಿಗುವ ಪ್ರಾಯೋಗಿಕ ಪಾಲಿಸಿಯೊಡನೆ ಇನ್ನೊಮ್ಮೆ ನೋಡಿ. ಹೆಚ್ಚುವರಿ ವಿಳಾಸ ಸೇರಿಸುವುದಷ್ಟೇ ಉದ್ದೇಶವಾಗಿದ್ದರೆ ಅಪ್‌ಡೇಟ್‌ಸೆಕೆಂಡರಿಅಡ್ರೆಸಸ್‌ಓನ್ಲಿ ಎಂಬ ಆಯ್ಕೆಯನ್ನು ತಪ್ಪದೆ ಹಾಕಿ. ಯಾರ ಪ್ರೈಮರಿಯೂ ಅಲುಗಾಡುವುದಿಲ್ಲ.

ಹಿಂದಕ್ಕೆ ತರುವಾಗ ಸೆಟ್-ಮೇಲ್‌ಬಾಕ್ಸ್‌ನ ಇಮೇಲ್‌ಅಡ್ರೆಸಸ್ ಆಯ್ಕೆಗೆ ಒಂದೇ ವಿಳಾಸವನ್ನು ನೇರವಾಗಿ ಕೊಟ್ಟರೆ ಉಳಿದೆಲ್ಲವೂ ಅಳಿದುಹೋಗುತ್ತವೆ. ಸೇರಿಸುವುದಕ್ಕೆ ಆಡ್, ತೆಗೆಯುವುದಕ್ಕೆ ರಿಮೂವ್ ಎಂದು ಸ್ಪಷ್ಟವಾಗಿ ಬರೆಯಬೇಕು. ಪಟ್ಟಿಯಲ್ಲಿ ಎಕ್ಸ್500 ಎಂದು ಆರಂಭವಾಗುವ ಸಾಲುಗಳು ಕಂಡರೆ ಕಸವೆಂದು ಅಳಿಸಬೇಡಿ: ಸಹೋದ್ಯೋಗಿಗಳ ಔಟ್‌ಲುಕ್‌ನಲ್ಲಿ ಉಳಿದಿರುವ ಹಳೆಯ ಹೆಸರುಗಳೂ ಹಳೆಯ ಪತ್ರಗಳಿಗೆ ಕೊಡುವ ಉತ್ತರಗಳೂ ಆ ಸಾಲುಗಳನ್ನು ಹಿಡಿದೇ ಸರಿಯಾದ ಮೇಲ್‌ಬಾಕ್ಸ್ ತಲುಪುತ್ತಿರುತ್ತವೆ.